ಅಟ್ಟದಲ್ಲಿ ಸಿಕ್ಕ ಎರಡನೇ ಬಟ್ಟೆ

ಸ್ಟ್ರಾಸ್‌ಬೂರ್ಗ್
ಅಕ್ಟೋಬರ್ 20, 1974

ಪ್ರೀತಿಯ ಪಪ್ಪಾ,

ಇದನ್ನು ಓದುವ ಮುಂಚೆ ಅಂಗಡಿಯ ಸ್ಟೂಲಿನ ಮೇಲೆ ಕೂತುಕೋ. ಕೂತೆಯಾ? ಸರಿ. ನಾನು ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಒಂದನ್ನೇ ಅಲ್ಲ, ಹೀಬ್ರೂವನ್ನೂ ತೆಗೆದುಕೊಂಡಿದ್ದೇನೆ. ಎರಡೂ ಸಮಸಮ, ಮೂರು ವರ್ಷ. ಬೈಯುವುದಿದ್ದರೆ ಕಾಗದದಲ್ಲಿ ಬೈ, ಟೆಲಿಫೋನಿನಲ್ಲಿ ಬೇಡ. ಫೋನಿರುವುದು ಮನೆಯೊಡತಿಯ ನಡುಮನೆಯಲ್ಲಿ, ಆಕೆಯ ಕಿವಿ ಬಹಳ ಚುರುಕು.

ದಾಖಲಾತಿ ಮಾಡಿಕೊಳ್ಳುವ ಗುಮಾಸ್ತ ನನ್ನ ಅರ್ಜಿ ನೋಡಿ ನಕ್ಕ. "ಒಂದು ಎಡಗಡೆಯಿಂದ ಬರತ್ತೆ, ಇನ್ನೊಂದು ಬಲಗಡೆಯಿಂದ. ಮಧ್ಯೆ ಸಿಕ್ಕಿ ನಿಮ್ಮ ತಲೆ ಅಪ್ಪಚ್ಚಿ ಆಗಲ್ವಾ, ಮದ್ಮೊಸೆಲ್?" ಎಂದ. "ಆದ ದಿನ ನಿಮಗೇ ಮೊದಲು ಬಂದು ಹೇಳ್ತೀನಿ" ಎಂದೆ. ಒಂದೇ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಈ ಕಡೆಯಿಂದ ಫ್ರೆಂಚ್, ಆ ಕಡೆಯಿಂದ ಬಲದಿಂದ ಎಡಕ್ಕೆ ಬರೆಯುವ ಹೀಬ್ರೂ.

ಹೀಬ್ರೂ ಕ್ಲಾಸಿನಲ್ಲಿ ನಾವು ಏಳೇ ಜನ. ಅದರಲ್ಲಿ ಮೂವರು ಮುಂದೆ ಪಾದ್ರಿಗಳಾಗುವವರು. ಪ್ರೊಫೆಸರ್ ಪಿಕಾರ್ ಎಂಬ ಮುದುಕರು ಪಾಠ ಮಾಡುತ್ತಾರೆ, ಕೋಟೆಲ್ಲ ಸೀಮೆಸುಣ್ಣ. "ತಪ್ಪು ಓದಿದ್ರೆ ತಿದ್ದಬಹುದು, ಪಿಸುಗುಟ್ಟಿದ್ರೆ ಏನು ಮಾಡೋದು? ಜೋರಾಗಿ ಓದಿ" ಎನ್ನುತ್ತಾರೆ. ಮೊದಲ ದಿನ ಅಕ್ಷರಮಾಲೆಯನ್ನು ರಾಗವಾಗಿ ಹೇಳಿಕೊಟ್ಟರು. ನನಗೆ ಮೈ ಜುಮ್ಮೆಂದಿತು ಪಪ್ಪಾ. ಷೂ ಡಬ್ಬಗಳನ್ನು ಜೋಡಿಸುವಾಗ ನೀನು ಬಾಯೊಳಗೇ ಗುನುಗುತ್ತಿದ್ದದ್ದು ಅದೇ ರಾಗ! ಇಷ್ಟು ವರ್ಷ ಅದು ಯಾವುದೋ ಹಾಡು ಅಂದುಕೊಂಡಿದ್ದೆ.

ಮನೆಯೊಡತಿ ಮದಾಮ್ ನೆಟ್ಟರ್ ಎಪ್ಪತ್ತು ದಾಟಿದ ವಿಧವೆ. ಬಂದ ದಿನವೇ ವಿಚಾರಣೆ ಶುರುವಾಯಿತು. "ವುರ್ಮ್ಸರ್ ಅಂದ್ರೆ ಯಾವ ವುರ್ಮ್ಸರೇ? ಓಬರ್‌ವಿಲ್ಲೆರ್‌ನಲ್ಲಿ ದನದ ವ್ಯಾಪಾರ ಮಾಡ್ತಿದ್ರಲ್ಲ, ಅವರಾ?" ಗೊತ್ತಿಲ್ಲ ಎಂದೆ. "ಅಪ್ಪನ ಊರು ಯಾವ್ದು ಅಂತ ಗೊತ್ತಿಲ್ಲ, ಹೀಬ್ರೂ ಬೇರೆ ಕಲೀತಾಳಂತೆ!" ಎಂದು ಅಡುಗೆಮನೆಗೆ ಹೋದಳು. ನಾಚಿಕೆಯಾಯಿತು. ನಿನ್ನ ಊರು ಅದೇನಾ?

ನಿನ್ನ
ಲಿಲಿಯಾನ್

&nbsp;

ಲಿಮೋಜ್
ಅಕ್ಟೋಬರ್ 27, 1974

ಪುಟ್ಟಿ,

ಕೂತು ಓದಿದೆ, ಎದ್ದೆ, ಮತ್ತೆ ಕೂತೆ. ಇಪ್ಪತ್ತೈದು ವರ್ಷದಿಂದ ಷೂ ಮಾರುತ್ತಿದ್ದೇನೆ. ಎಡದ್ದು ಬಲದ್ದು ಒಂದೇ ಅಳತೆಯವಾದರೆ ಮಾತ್ರ ಅದು ಜೋಡಿ. ಫ್ರೆಂಚಿಗೂ ಹೀಬ್ರೂವಿಗೂ ಎಲ್ಲಿಂದೆಲ್ಲಿಯ ಜೋಡಿ? ಇಂಗ್ಲಿಷ್ ತೆಗೆದುಕೋ. ಅದಾಗದಿದ್ದರೆ ಸ್ಪ್ಯಾನಿಷ್. ಅಮ್ಮ ನಗುತ್ತಿದ್ದಾಳೆ, ನನಗೆ ನಗು ಬರುತ್ತಿಲ್ಲ.

ಫ್ರೆಂಚನ್ನು ತಪ್ಪಿಲ್ಲದೆ, ಎಲ್ಲೂ ತಡವರಿಸದೆ ಮಾತಾಡುವುದನ್ನು ಕಲಿ. ಆ ಭಾಷೆ ನನ್ನ ಜೀವ ಉಳಿಸಿದೆ, ನಿನಗೂ ಅನ್ನ ಕೊಡುತ್ತದೆ. ಹೀಬ್ರೂ ಓದಿ ಯಾರ ಜೊತೆ ಮಾತಾಡುತ್ತೀಯ?

ಹೌದು, ನನ್ನ ಊರು ಓಬರ್‌ವಿಲ್ಲೆರ್. ಅಲ್ಲಿಗೆ ಹೋಗಬೇಡ. ನೋಡುವಂಥದ್ದು ಏನೂ ಇಲ್ಲ. ನಮ್ಮ ಅಪ್ಪನನ್ನು ಯುದ್ಧದಲ್ಲಿ ಹಿಡಿದುಕೊಂಡು ಹೋದರು, ಅಮ್ಮ ಇಲ್ಲೇ ಲಿಮೋಜಿನಲ್ಲಿ ತೀರಿಕೊಂಡಳು. ನಾನು ಒಬ್ಬನೇ ಮಗ. ಇದೆಲ್ಲ ನಿನಗೆ ಗೊತ್ತಿರುವುದೇ. ನಿನ್ನ ಮನೆಯೊಡತಿಗೂ ಅಷ್ಟೇ ಹೇಳು.

ಉಣ್ಣೆಯ ಕಾಲುಚೀಲ ಕಳಿಸಿದ್ದೇವೆ. ಅಲ್ಲಿಯ ಚಳಿ ಇಲ್ಲಿಯ ಚಳಿಯಂತಲ್ಲ.

ಪಪ್ಪಾ

&nbsp;

ಸ್ಟ್ರಾಸ್‌ಬೂರ್ಗ್
ಡಿಸೆಂಬರ್ 12, 1974

ಪ್ರೀತಿಯ ಪಪ್ಪಾ,

ಹೋಗಬೇಡ ಎಂದಿದ್ದೆ, ಹೋದೆ. ನಾನಾಗಿ ಹೋಗಲಿಲ್ಲ, ಪ್ರೊಫೆಸರ್ ಕರೆದುಕೊಂಡು ಹೋದರು. ಓಬರ್‌ವಿಲ್ಲೆರ್‌ನ ಹಳೆಯ ಯೆಹೂದಿ ಪ್ರಾರ್ಥನಾ ಮಂದಿರದ ಮಾಡು ರಿಪೇರಿ ಮಾಡುವಾಗ, ಅಟ್ಟದ ಹಲಗೆಗಳ ಹಿಂದೆ ನಾಲ್ಕು ಪೆಟ್ಟಿಗೆ ಸಿಕ್ಕಿವೆಯಂತೆ. ಒಳಗೆಲ್ಲ ಗಂಡುಮಕ್ಕಳ ಬಟ್ಟೆಗಳು. ನಿನಗೆ ಗೊತ್ತಿರುತ್ತದೆ. ಎಂಟನೇ ದಿನ ಸುನ್ನತಿ ಮಾಡುವಾಗ ಮಗುವನ್ನು ಸುತ್ತಿದ ಬಟ್ಟೆಯನ್ನೇ ಸೀಳಿ, ಉದ್ದಕ್ಕೆ ಹೊಲಿದು, ಮಗುವಿನ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ ಎಲ್ಲ ಅಮ್ಮಂದಿರು ಕಸೂತಿ ಹಾಕುತ್ತಿದ್ದರು. ಮೂರು ವರ್ಷ ತುಂಬಿದ ಮೇಲೆ ಅಪ್ಪ ಮಗುವನ್ನು ಎತ್ತಿಕೊಂಡು ಹೋಗಿ, ಮಗುವಿನ ಕೈಯಿಂದಲೇ ಅದನ್ನು ಧರ್ಮಗ್ರಂಥದ ಸುರುಳಿಗೆ ಸುತ್ತಿಸುತ್ತಿದ್ದನಂತೆ.

ಹೀಬ್ರೂವಿನಲ್ಲಿ ಓದಿ ಫ್ರೆಂಚಿನಲ್ಲಿ ಕಾರ್ಡು ಬರೆಯಬೇಕು. ಎರಡನ್ನೂ ಪಾಠವಾಗಿ ತೆಗೆದುಕೊಂಡವಳು ನಾನೊಬ್ಬಳೇ ಎಂದು ಪ್ರೊಫೆಸರ್ ನನ್ನನ್ನೇ ಕೂರಿಸಿದರು. ನೋಡಿದೆಯಾ, ಜೋಡಿ ಕೆಲಸಕ್ಕೆ ಬಂತು! ಸೂಜಿಯ ಅಕ್ಷರ ಮೋಸ ಮಾಡುತ್ತದೆ, ಅದಕ್ಕೆ ಪ್ರತಿ ಹೆಸರನ್ನೂ ಮೂರು ಸಲ ಜೋರಾಗಿ ಓದಬೇಕು, ಆಮೇಲೆಯೇ ಬರೆಯಬೇಕು. ಅರುವತ್ತೊಂದನೆಯದು ನಿನ್ನದು ಪಪ್ಪಾ. ಯೆಹೂದಾನ ಮಗ ಗೆರ್ಶೋನ್, ಅದು ನಿನ್ನ ಹೀಬ್ರೂ ಹೆಸರು. ನಿನ್ನ ಹುಟ್ಟಿದ ದಿನ. ಮೂಲೆಯಲ್ಲಿ ಒಂಟಿ ಕಾಲಿನ ಕೊಕ್ಕರೆ, ಮಧ್ಯೆ ನಮ್ಮ ಬಾವುಟ, ಅದರ ಕೆಳಗೆ ಫ್ರೆಂಚ್ ಅಕ್ಷರದಲ್ಲಿ 'ಫ್ರಾನ್ಸ್ ಚಿರಾಯುವಾಗಲಿ', ಪಕ್ಕದಲ್ಲಿ ಗಾಸ್ತೋನ್ ವುರ್ಮ್ಸರ್ ಎನ್ನುವುದಕ್ಕೆ ಗಾ. ವು. ಎಂದು ಚಿಕ್ಕದಾಗಿ. ಅಜ್ಜಿಯ ಕೈಕೆಲಸವನ್ನು ಮುಟ್ಟಿದೆ. ಅತ್ತುಬಿಟ್ಟೆ, ಪಾದ್ರಿಯಾಗುವ ಹುಡುಗರೆಲ್ಲ ಗಾಬರಿಯಾದರು.

ಅದೇ ಗಂಟಿನಲ್ಲಿ, ಆಗಸ್ಟ್ 1939ರ ಪೇಪರಿನಲ್ಲಿ ಸುತ್ತಿದ ಇನ್ನೊಂದಿತ್ತು. ಅದೇ ನಾರುಬಟ್ಟೆ, ಅದೇ ಕೊಕ್ಕರೆ, ಅದೇ ಬಾವುಟ. ಫ್ರೆಂಚ್ ಅಕ್ಷರದಲ್ಲಿ ಮಾ. ವು. ಹೀಬ್ರೂವಿನಲ್ಲಿ, ಯೆಹೂದಾನ ಮಗ ಮೊರ್ದೆಖೈ. ಹುಟ್ಟಿದ್ದು 1937ರ ಮಾರ್ಚ್. ಕಸೂತಿ ಪೂರ್ತಿಯಾಗಿಲ್ಲ. 'ಮದುವೆಯ ಚಪ್ಪರಕ್ಕೆ ಬೆಳೆಯಲಿ' ಎನ್ನುವ ತನಕ ದಾರ, ಆಮೇಲೆ ಬರೀ ಪೆನ್ಸಿಲ್ ಗೆರೆ. ಮೂರು ಸಲ ಹೆಸರು ಓದಿದೆ.

ಯಾರು ಪಪ್ಪಾ ಇದು? ಕಾರ್ಡಿನಲ್ಲಿ 'ಸಂಬಂಧಿಕರು' ಎಂದು ಒಂದು ಸಾಲಿದೆ. ಊಹೆ ಬರೆಯಬಾರದು ಎಂದು ಪ್ರೊಫೆಸರ್ ಹೇಳಿದ್ದಾರೆ, ಖಾಲಿ ಬಿಟ್ಟಿದ್ದೇನೆ.

ಲಿಲಿಯಾನ್

&nbsp;

ಲಿಮೋಜ್
ಡಿಸೆಂಬರ್ 16, 1974

ಲಿಲಿಯಾನ್,

ಆ ಊರಲ್ಲಿ ಯೆಹೂದಾ ಎಂಬ ಹೆಸರಿನವರು ಹತ್ತು ಮಂದಿ ಇದ್ದರು. ಕೊಕ್ಕರೆಯನ್ನು ಎಲ್ಲ ಹೆಂಗಸರೂ ಬಿಡಿಸುತ್ತಿದ್ದರು. ಆ ಬಟ್ಟೆ ಯಾರದೋ. ಆ ಹುಡುಗ ಯಾರೋ ನನಗೆ ಗೊತ್ತಿಲ್ಲ.

ರಜೆಗೆ ಬಾ. ಈ ವಿಷಯ ಹೊತ್ತುಕೊಂಡು ಬರಬೇಡ.

ಪಪ್ಪಾ

&nbsp;

ಸ್ಟ್ರಾಸ್‌ಬೂರ್ಗ್
ಫೆಬ್ರುವರಿ 9, 1975

ಪಪ್ಪಾ,

ರಜೆಯಲ್ಲಿ ನೀನು ಹೇಳಿದಂತೆಯೇ ಬಾಯಿ ಬಿಡಲಿಲ್ಲ. ಹತ್ತು ದಿನ ಹವಾಮಾನದ ಬಗ್ಗೆ ಎಷ್ಟು ಮಾತಾಡಿದೆವು! ಆದರೆ ಕಣ್ಣು ಮುಚ್ಚಿಕೊಂಡಿರಲಿಲ್ಲ. ಹೊಸ ವರ್ಷದ ಹಿಂದಿನ ದಿನ ಒಬ್ಬಾಕೆ ಮಗನನ್ನು ಕರೆದುಕೊಂಡು ಅಂಗಡಿಗೆ ಬಂದಳು. ಹುಡುಗನಿಗೆ ಆರೋ ಏಳೋ ವರ್ಷ. ನೀನು ಅಳತೆಪಟ್ಟಿಯನ್ನು ಕೈಗೆ ತೆಗೆದುಕೊಂಡವನು "ತೆರೇಸ್, ಸ್ವಲ್ಪ ಬಾ" ಎಂದು ಅಮ್ಮನನ್ನು ಕರೆದು ಹಿಂದಿನ ಕೋಣೆಗೆ ಹೋದೆ. ಅವರು ಹೋಗುವ ತನಕ ಹೊರಗೆ ಬರಲಿಲ್ಲ. ಅಮ್ಮನನ್ನು ಕೇಳಿದೆ. "ಮದುವೆ ಆದಾಗಿಂದ ಹಾಗೇ ಕಣೇ. ಹುಡುಗೀರ ಕಾಲು ಅಳೀತಾರೆ, ದೊಡ್ಡೋರದ್ದು ಅಳೀತಾರೆ. ಆ ವಯಸ್ಸಿನ ಗಂಡು ಹುಡುಗ್ರು ಬಂದ್ರೆ ಮಾತ್ರ ನಾನೇ ಆಗ್ಬೇಕು" ಎಂದಳು. ಯಾಕೆ ಎಂದು ಅಮ್ಮ ಒಂದು ಸಲವೂ ಕೇಳಿಲ್ಲವಂತೆ. ಎಂಥ ಮನೆ ನಮ್ಮದು!

ಇಲ್ಲಿಗೆ ಬಂದ ಮೇಲೆ ಮದಾಮ್ ನೆಟ್ಟರ್‌ಳನ್ನು ಕೇಳಿದೆ. ಆಕೆಯ ತವರು ಓಬರ್‌ವಿಲ್ಲೆರ್‌ನಿಂದ ಎರಡು ಮೈಲಿ. ಆಲೂಗಡ್ಡೆ ಸುಲಿಯುತ್ತ ಇದ್ದವಳು ತಲೆ ಎತ್ತಲಿಲ್ಲ. "ದನದ ವ್ಯಾಪಾರಿ ಲೆಯೋಪೋಲ್ಡ್ ವುರ್ಮ್ಸರ್‌ಗೆ ಇಬ್ಬರು ಗಂಡುಮಕ್ಕಳು. ಹೀಬ್ರೂವಿನಲ್ಲಿ ಅವನ ಹೆಸರು ಯೆಹೂದಾನೇ. ದೊಡ್ಡೋನು ಗಾಸ್ತೋನ್, ಆಗಲೇ ಮುದುಕನ ಥರ ಗಂಭೀರ. ಚಿಕ್ಕೋನ ಕಾಲು ಒಂದು ಕಡೆ ನಿಲ್ತಿರಲಿಲ್ಲ. ಸಂತೆಯಲ್ಲಿ 'ಮಾರ್ಸೆಲ್, ಮಾರ್ಸೆಲ್' ಅಂತ ಕೂಗಿ ಕೂಗಿ ಅವರಮ್ಮನ ಗಂಟಲು ಕಟ್ಟಿಹೋಗ್ತಿತ್ತು. ನೀನು ಬಂದ ದಿನವೇ ನಿನ್ನ ಮುಖ ನೋಡಿ ಗೊತ್ತಾಯ್ತು ನನಗೆ."

"ಮತ್ತೆ ಯಾಕೆ ಹೇಳಲಿಲ್ಲ?" ಎಂದೆ.

"ಅಪ್ಪ ಮುಚ್ಚಿಟ್ಟದ್ದನ್ನ ಮನೆ ಬಾಡಿಗೆಗೆ ಕೊಟ್ಟೋಳು ಬಿಚ್ಚೋದಾ?"

ಇನ್ನೊಂದು ಹೇಳುತ್ತೇನೆ, ನಗಬೇಡ. ಆ ಹೆಸರನ್ನು ಓದಿದಾಗಿನಿಂದ ಲೈಬ್ರರಿಯ ಮರದ ಮೆಟ್ಟಿಲ ಮೇಲೆ ಮಧ್ಯಾಹ್ನದ ಹೊತ್ತು ಯಾರೋ ನನ್ನ ಹಿಂದೆ ಓಡಿಬರುತ್ತಾರೆ. ಹಗುರ ಕಾಲು. ನಾನು ನಿಂತರೆ ಅದೂ ನಿಲ್ಲುತ್ತದೆ. ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ, ಆದರೂ ಪ್ರತಿ ಸಲ ತಿರುಗಿ ನೋಡುತ್ತೇನೆ. ಮದಾಮ್ ನೆಟ್ಟರ್‌ಗೆ ಹೇಳಿದರೆ ಆಕೆ ನಗಲೇ ಇಲ್ಲ. "ಅಪ್ಪನ ಹೆಸರು ಸೇರಿಸಿ ಮೂರು ಸಲ ಕೂಗಿದೀಯ. ಯಾಕೆ ಕೂಗಿದೆ ಅಂತ ಹೇಳಿದೀಯಾ? ಮಗು ಕಾಯ್ತಾ ಇದೆ ಅಷ್ಟೇ" ಎಂದಳು. ಆಮೇಲೆ ಮೂರು ದಿನ ನಾನು ಲೈಬ್ರರಿಗೆ ಹೋಗಲಿಲ್ಲ.

ಈಗ ನಿಜವಾದ ವಿಷಯ. ಚೆನ್ನಾಗಿರುವ ಬಟ್ಟೆಗಳು ಮ್ಯೂಸಿಯಮ್ಮಿಗೆ ಹೋಗುತ್ತವೆ, ನಿನ್ನದೂ ಹೋಗುತ್ತದೆ. ಇಲಿ ಕಡಿದದ್ದು, ತೇವ ತಿಂದದ್ದು, ಕಸೂತಿ ಪೂರ್ತಿಯಾಗದ್ದು, ಇವನ್ನೆಲ್ಲ ಸಂಬಂಧಿಕರು ಬಂದು ಕೇಳದಿದ್ದರೆ, ಹರಿದ ಪ್ರಾರ್ಥನಾ ಪುಸ್ತಕಗಳ ಜೊತೆ ಮೇ ತಿಂಗಳಲ್ಲಿ ಊರ ಸ್ಮಶಾನದಲ್ಲಿ ಹೂಳುತ್ತಾರೆ. ದೇವರ ಹೆಸರಿರುವುದನ್ನು ಎಸೆಯುವಂತಿಲ್ಲವಲ್ಲ, ಅದಕ್ಕೆ. ಅರುವತ್ತೆರಡನೆಯದನ್ನು ಆ ರಾಶಿಗೆ ಹಾಕಿದ್ದಾರೆ. ಖಾಲಿ ಬಿಟ್ಟ ಸಾಲನ್ನು ತುಂಬಿಸಲೇಬೇಕು ಎಂದರು. 'ಯಾರೂ ಇಲ್ಲ' ಎಂದು ಬರೆಯುವುದಕ್ಕೆ ನನ್ನ ಕೈ ಏಳುತ್ತಿಲ್ಲ. ನಾನು ಬರೆದುಕೊಟ್ಟರೆ ನಡೆಯುವುದಿಲ್ಲ, ಆ ಹುಡುಗನನ್ನು ಕಂಡಿದ್ದವರೇ ಬರೆದುಕೊಡಬೇಕು.

ನಿನಗೆ ಒಬ್ಬ ತಮ್ಮ ಇದ್ದ. ಇಲ್ಲ ಎಂದು ಇನ್ನೊಂದು ಸಲ ಬರೆಯಬೇಡ ಪಪ್ಪಾ, ನನಗೆ ತಡೆಯಲಾಗುವುದಿಲ್ಲ.

ಲಿಲಿಯಾನ್

&nbsp;

ಲಿಮೋಜ್
ಮಾರ್ಚ್ 1, 1975

ಮಗಳೇ,

ಅಪ್ಪನಿಗೆ ಏನು ಬರೆದೆ? ಕಾಗದ ನನಗೆ ತೋರಿಸುತ್ತಿಲ್ಲ. ಎರಡು ವಾರದಿಂದ ಊಟ ಅರ್ಧಕ್ಕೆ ಬಿಡುತ್ತಾರೆ. ನಿನ್ನೆ ಅಂಗಡಿಯಲ್ಲಿ ಗಿರಾಕಿಗಳು ಕಾಯುತ್ತಿದ್ದರೆ ಹಿಂದಿನ ಕೋಣೆಯಲ್ಲಿ ಒಬ್ಬರೇ ಏನೋ ಮಾತಾಡುತ್ತಿದ್ದರು. ಫ್ರೆಂಚ್ ಅಲ್ಲ. ಇಪ್ಪತ್ತೊಂದು ವರ್ಷ ಸಂಸಾರ ಮಾಡಿದ್ದೇನೆ, ಆ ಭಾಷೆ ಅವರ ಬಾಯಲ್ಲಿ ಕೇಳಿದ್ದು ಇದೇ ಮೊದಲು. ಹೆದರಿಕೆಯಾಯಿತು, ಬಾಗಿಲಿಂದಲೇ ವಾಪಸ್ಸು ಬಂದೆ.

ಬೈದಿದ್ದರೆ ಕ್ಷಮೆ ಕೇಳು. ಬೈದಿಲ್ಲದಿದ್ದರೆ ಸುಮ್ಮನಿರು.

ಅಮ್ಮ

&nbsp;

ಲಿಮೋಜ್
ಮಾರ್ಚ್ 16, 1975

ಪುಟ್ಟಿ,

ನಿನ್ನ ಕಾಗದವನ್ನು ಅಮ್ಮನಿಗೆ ಇವತ್ತು ಓದಿ ಹೇಳಿದೆ. ಈಗ ನಿನಗೆ ಬರೆಯುತ್ತಿದ್ದೇನೆ. ಭಾನುವಾರ, ಅಂಗಡಿ ಮುಚ್ಚಿದೆ.

ಮೆಟ್ಟಿಲ ಮೇಲಿನ ಹೆಜ್ಜೆಯ ಬಗ್ಗೆ ಬರೆದಿದ್ದೆ. ಯಾಕೆ ನಗಲಿ? ನನ್ನ ಅಂಗಡಿಯ ಬಾಗಿಲಿನ ಗಂಟೆ ಇಪ್ಪತ್ತೈದು ವರ್ಷದಿಂದ ಮಧ್ಯಾಹ್ನ ಒಮ್ಮೊಮ್ಮೆ ಬಾರಿಸುತ್ತದೆ. ಹೋಗಿ ನೋಡಿದರೆ ಯಾರೂ ಇರುವುದಿಲ್ಲ. ಗಾಳಿ ಎಂದು ಅಮ್ಮನಿಗೆ ಹೇಳುತ್ತೇನೆ. ಬಾಗಿಲನ್ನು ಮಾತ್ರ ಸ್ವಲ್ಪ ಹೊತ್ತು ತೆರೆದೇ ಇಡುತ್ತೇನೆ.

ಅವನು ಮಾರ್ಸೆಲ್. ನನ್ನ ತಮ್ಮ.

1939ರ ಸೆಪ್ಟೆಂಬರ್ ಒಂದರಂದು ಜರ್ಮನಿಯ ಗಡಿಯ ಊರುಗಳನ್ನು ಖಾಲಿ ಮಾಡಿಸಿದರು. ತಲೆಗೆ ಮೂವತ್ತು ಕಿಲೋ ಸಾಮಾನು, ಅಷ್ಟೇ. ನಮ್ಮಮ್ಮ ಎರಡೂ ಬಟ್ಟೆಗಳನ್ನು ಮಂದಿರದ ಕಾವಲುಗಾರನ ಕೈಗೆ ಕೊಟ್ಟಳು. "ಮಾರ್ಚ್‌ನಲ್ಲಿ ಚಿಕ್ಕೋನಿಗೆ ಮೂರು ತುಂಬತ್ತೆ, ಅಷ್ಟರಲ್ಲಿ ಬಂದೇ ಬರ್ತೀವಲ್ಲ, ಉಳಿದದ್ದು ಆಗ ಹೊಲೀತೀನಿ" ಎಂದಳು. ರೈಲು ನಮ್ಮನ್ನು ಇಲ್ಲಿಗೆ ತಂದು ಇಳಿಸಿತು. ನಮ್ಮ ಊರ ಮಾತು ಜರ್ಮನ್ ಥರ ಕೇಳುತ್ತದಲ್ಲ, ಹೌದು ಎನ್ನುವುದಕ್ಕೂ 'ಯಾ', ಇಲ್ಲಿಯವರು 'ಯಾ-ಯಾ ಮಂದಿ ಬಂದ್ರು' ಎಂದು ಆಡಿಕೊಂಡರು. ಮಾರ್ಸೆಲ್‌ಗೆ ಅದೊಂದೇ ಮಾತು ಬರುತ್ತಿತ್ತು.

ಯೆಹೂದಿ ಎಂದು ಅಪ್ಪನನ್ನು ಹಿಡಿದ ಮೇಲೆ ಅಮ್ಮ ನಮ್ಮಿಬ್ಬರನ್ನೂ ಬೇರೆ ಬೇರೆ ರೈತರ ಮನೆಯಲ್ಲಿ, ಬೇರೆ ಬೇರೆ ಸುಳ್ಳು ಹೆಸರಿನಲ್ಲಿ ಬಿಟ್ಟಳು. ಬಿಡುವ ಮುಂಚೆ ಒಂದು ತಿಂಗಳು ನನಗೆ ಒಂದು ಕೆಲಸ ಕೊಟ್ಟಳು, ಮಾರ್ಸೆಲ್‌ಗೆ ಫ್ರೆಂಚ್ ಕಲಿಸುವುದು. ಕಲಿಸಿದೆ. ಊರ ಮಾತು ಬಾಯಿಂದ ಬಿದ್ದರೆ ತೊಡೆಗೆ ಚಿವುಟುತ್ತಿದ್ದೆ. ಅವನು ಅತ್ತರೆ ಫ್ರೆಂಚಿನಲ್ಲಿ ಅಳು ಎನ್ನುತ್ತಿದ್ದೆ. ಬಿಟ್ಟುಹೋಗುವ ದಿನ ಅಮ್ಮ ನನ್ನ ಗಲ್ಲ ಹಿಡಿದು ಹೇಳಿದಳು: "ಯಾರೇ ಕೇಳ್ಲಿ, ನಿನಗೆ ತಮ್ಮ ಇಲ್ಲ. ಇಬ್ಬರೂ ಸಿಕ್ಕಿಬೀಳಬಾರದು. ಗೊತ್ತಾಯ್ತಾ?"

1944ರ ಏಪ್ರಿಲ್. ನಾನು ರೈತನ ಹೆಂಡತಿಯ ಜೊತೆ ಮೊಟ್ಟೆ ಮಾರುವುದಕ್ಕೆ ಸಂತೆಗೆ ಹೋಗಿದ್ದೆ. ಮಾರ್ಸೆಲ್‌ನನ್ನೂ ಅವನನ್ನು ಇಟ್ಟುಕೊಂಡಿದ್ದ ಮನೆಯವರು ಕರೆದುಕೊಂಡು ಬಂದಿದ್ದರು. ಆರು ತಿಂಗಳಿಂದ ನಾವು ಒಬ್ಬರನ್ನೊಬ್ಬರು ನೋಡಿರಲಿಲ್ಲ. ಯೆಹೂದಿಗಳನ್ನು ಹಿಡಿದು ಜರ್ಮನರಿಗೆ ಒಪ್ಪಿಸುತ್ತಿದ್ದ ಕಪ್ಪು ಟೊಪ್ಪಿಗೆಯವರು ಕಾಗದಪತ್ರ ನೋಡುತ್ತ ನಿಂತಿದ್ದರು. ಅವನು ನನ್ನನ್ನು ಕಂಡುಬಿಟ್ಟ. ಕೈ ಬಿಡಿಸಿಕೊಂಡು ಓಡಿಬಂದ. ನಮ್ಮ ಊರ ಮಾತಿನಲ್ಲಿ, ಸಂತೆಗೆಲ್ಲ ಕೇಳುವ ಹಾಗೆ, ಅಣ್ಣಾ ಎಂದು ಕೂಗಿದ.

ಒಬ್ಬ ಅವನ ಕಾಲರ್ ಹಿಡಿದ. ನನ್ನ ಕಡೆ ತಿರುಗಿ ಕೇಳಿದ. "ಏಯ್, ಈ ಹುಡುಗ ನಿನಗೆ ಏನಾಗ್ಬೇಕು?"

"ಏನೂ ಆಗ್ಬೇಕಿಲ್ಲ ಸ್ವಾಮಿ. ಇವನು ಯಾರೋ ನನಗೆ ಗೊತ್ತಿಲ್ಲ" ಎಂದೆ. ಫ್ರೆಂಚಿನಲ್ಲಿ. ಒಂದು ತಪ್ಪಿಲ್ಲ, ಒಂದು ತಡವರಿಕೆ ಇಲ್ಲ.

ಮಾರ್ಸೆಲ್ ನನ್ನನ್ನು ನೋಡಿದ. ಅವನಿಗೆ ಆಗಷ್ಟೇ ಏಳು ತುಂಬಿತ್ತು. ಅವನಿಗೆ ಅರ್ಥವಾಯಿತು ಪುಟ್ಟಿ. ಅವನು ಅತ್ತಿದ್ದರೆ, ನನ್ನ ಕಾಲು ಹಿಡಿದಿದ್ದರೆ, ಇಷ್ಟು ವರ್ಷ ನಾನು ಹೇಗೋ ಇರುತ್ತಿದ್ದೆ. ಅವನು ಆ ಮನುಷ್ಯನ ಕಡೆ ತಿರುಗಿ, ನಾನು ಕಲಿಸಿದ ಫ್ರೆಂಚಿನಲ್ಲಿ, "ಕ್ಷಮಿಸಿ ಸ್ವಾಮಿ, ನಂದೇ ತಪ್ಪು. ಬೇರೆ ಯಾರೋ ಅಂದ್ಕೊಂಡೆ" ಎಂದ. ಹೋಗುವಾಗ ತಿರುಗಿ ನೋಡಲಿಲ್ಲ. ನೋಡಬಾರದು ಎಂದು ಕಲಿಸಿದವನೂ ನಾನೇ.

ಯುದ್ಧ ಮುಗಿದ ಮೇಲೆ ಅಮ್ಮ ಬಂದು ಕೇಳಿದಳು. ಇದ್ದದ್ದನ್ನು ಹೇಳಿದೆ. "ನಾನು ಹೇಳಿದ ಹಾಗೇ ಮಾಡ್ದೆ" ಎಂದು ನನ್ನ ತಲೆ ಸವರಿದಳು. ಆಮೇಲೆ ಬದುಕಿದ್ದ ನಾಲ್ಕು ವರ್ಷ ಅವನ ಹೆಸರು ಎತ್ತಲಿಲ್ಲ. ಯುದ್ಧ ಮುಗಿಯಿತು, ಇನ್ನು ತಮ್ಮ ಇದ್ದ ಎಂದು ಹೇಳಬಹುದು ಎಂದು ಅವಳು ನನಗೆ ಹೇಳಬೇಕಿತ್ತು. ಹೇಳದೇ ಹೋದಳು. ನಾನು ಅದನ್ನೇ ಪಾಲಿಸಿಕೊಂಡು ಬಂದೆ. ನಿನ್ನ ಅಮ್ಮನನ್ನು ಮದುವೆಯಾಗುವಾಗ ಕೇಳಿದರು, ಒಬ್ಬನೇ ಮಗ ಎಂದೆ. ಡಿಸೆಂಬರಿನಲ್ಲಿ ನೀನು ಕೇಳಿದೆ. ಅವತ್ತು ಸಂತೆಯಲ್ಲಿ ಆಡಿದ ಮಾತನ್ನೇ, 'ಯಾರೋ ನನಗೆ ಗೊತ್ತಿಲ್ಲ' ಎಂದು ಒಂದಕ್ಷರ ಬದಲಿಸದೆ, ನಿನಗೆ ಬರೆದೆ. ಅಂಚೆ ಡಬ್ಬಕ್ಕೆ ಹಾಕಿದ ಮೇಲೆ ಅದು ಹೊಳೆಯಿತು. ರಸ್ತೆಯಲ್ಲೇ ಕೂತುಬಿಟ್ಟೆ.

ನನಗೆ ನಾಚಿಕೆ. ಬೇರೆ ಪದ ಯಾವ ಭಾಷೆಯಲ್ಲೂ ಸಿಗುತ್ತಿಲ್ಲ.

ಪಪ್ಪಾ

&nbsp;

ಸ್ಟ್ರಾಸ್‌ಬೂರ್ಗ್
ಮಾರ್ಚ್ 20, 1975

ನನ್ನ ಪಪ್ಪಾ,

ಎರಡು ದಿನದಿಂದ ಕಾಗದ ಶುರು ಮಾಡಿ ಹರಿಯುತ್ತಿದ್ದೇನೆ. ಅವತ್ತು ನಿನಗೆ ಹನ್ನೆರಡು ವರ್ಷ. ನನಗೆ ಅದೊಂದೇ ಕಾಣುತ್ತಿದೆ.

ಅಜ್ಜಿ ಹೇಳದೇ ಹೋದದ್ದನ್ನು ನಾನು ಹೇಳಲಾ? ನನಗೆ ಆ ಅಧಿಕಾರ ಇದೆಯೋ ಇಲ್ಲವೋ. ಯುದ್ಧ ಮುಗಿದಿದೆ ಪಪ್ಪಾ. ಇನ್ನು ಹೇಳಬಹುದು.

ಬಟ್ಟೆ ಬೇಕೋ, ಅಲ್ಲೇ ಹೂಳಲೋ, ನೀನು ತೀರ್ಮಾನಿಸು. ನಾನು ಒತ್ತಾಯ ಮಾಡುವುದಿಲ್ಲ. ಪ್ರೊಫೆಸರಿಗೆ ನಾನು ಏನೂ ಹೇಳಿಲ್ಲ. ಬರೆಯುವುದಾದರೆ ಅವರಿಗೇ ಬರೆ. ಗುರುತಿಗೆ ಜನನಪತ್ರವೋ ಫೋಟೋವೋ ಬೇಕಂತೆ, ಏಪ್ರಿಲ್ ಕೊನೆಯ ಒಳಗೆ ತಲುಪಬೇಕು.

ನಿನ್ನ
ಲಿಲಿಯಾನ್

&nbsp;

ಲಿಮೋಜ್
ಏಪ್ರಿಲ್ 6, 1975

ಮಾನ್ಯ ಪ್ರೊಫೆಸರ್ ಪಿಕಾರ್ ಅವರಿಗೆ,

ಓಬರ್‌ವಿಲ್ಲೆರ್‌ನಲ್ಲಿ ಸಿಕ್ಕ ಬಟ್ಟೆಗಳ ಪೈಕಿ ಅರುವತ್ತೆರಡನೆಯದನ್ನು ಮೇ ತಿಂಗಳಲ್ಲಿ ಹೂಳುವವರಿದ್ದೀರಿ ಎಂದು ತಿಳಿಯಿತು. ದಯವಿಟ್ಟು ಹೂಳಬೇಡಿ. ಅದು ನಮ್ಮ ಮನೆಯದು. ಅದನ್ನು ಸುರುಳಿಗೆ ಸುತ್ತುವ ಶಾಸ್ತ್ರ ನಡೆಯದೇ ಉಳಿದಿದೆ. ಎತ್ತಿಕೊಂಡು ಹೋಗಬೇಕಾಗಿದ್ದ ಅಪ್ಪ ಇಲ್ಲ, ಮಗುವೂ ಇಲ್ಲ. ನಿಮ್ಮಲ್ಲಿ ಒಪ್ಪುವುದಾದರೆ ಒಂದು ಶನಿವಾರ ನಾನು ಬಂದು ಆ ಕೆಲಸ ಮಾಡುತ್ತೇನೆ.

ಗುರುತಿಗೆ ದಾಖಲೆ ಕೇಳಿದ್ದೀರಿ. ಜನನಪತ್ರ ಊರಿನ ಕಚೇರಿಯ ಜೊತೆ ಸುಟ್ಟುಹೋಗಿದೆ. ಫೋಟೋಗಳನ್ನು 1943ರಲ್ಲಿ ನಮ್ಮ ತಾಯಿಯೇ ಒಲೆಗೆ ಹಾಕಿದರು. ಆದ್ದರಿಂದ ನನಗೆ ಗೊತ್ತಿರುವುದನ್ನು ಬರೆಯುತ್ತಿದ್ದೇನೆ, ಇದನ್ನೇ ಸಾಕ್ಷಿ ಎಂದು ತೆಗೆದುಕೊಳ್ಳಬೇಕಾಗಿ ವಿನಂತಿ.

ಹುಡುಗನ ಹೆಸರು ಮಾರ್ಸೆಲ್. ಎಡಗೈಯವನು. ಬ್ರೆಡ್ಡಿನ ಅಂಚನ್ನು ಮೊದಲು ತಿಂದು ಮೆತ್ತಗಿನದನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದ. ಬಾತುಕೋಳಿ ಕಂಡರೆ ಭಯ, ಹಸು ಕಂಡರೆ ಇಲ್ಲ. ಬಲ ಮೊಣಕಾಲಿನ ಮೇಲೆ ಗಾಯದ ಕಲೆ, ಅದು ನಾನು ದೂಡಿ ಆದದ್ದು. ಏಳು ವರ್ಷಕ್ಕೆ ಅವನ ಷೂ ಅಳತೆ ಇಪ್ಪತ್ತೊಂಬತ್ತು, ಎಡಗಾಲು ಒಂದು ಚೂರು ದೊಡ್ಡದು. ಅಕ್ಷರಮಾಲೆಯ ರಾಗವನ್ನು ಕೊನೆಯ ತನಕ ಹೇಳುವ ತಾಳ್ಮೆ ಇರಲಿಲ್ಲ, ಅರ್ಧಕ್ಕೆ ಬಂದು ಮತ್ತೆ ಮೊದಲಿಂದ ಶುರು ಮಾಡುತ್ತಿದ್ದ. ಬಹಳ ಬುದ್ಧಿವಂತ. ಒಮ್ಮೆ ಹೇಳಿಕೊಟ್ಟದ್ದನ್ನು ಮರೆಯುತ್ತಿರಲಿಲ್ಲ.

ಇಷ್ಟು ಸಾಲದಿದ್ದರೆ ನಿಮ್ಮ ಕಚೇರಿಗೇ ಬರುತ್ತೇನೆ. ಎಷ್ಟು ಜನರ ಮುಂದೆ ಬೇಕಾದರೂ ನಿಲ್ಲಿಸಿ, ಈ ಹುಡುಗ ನಿನಗೆ ಏನಾಗಬೇಕು ಎಂದು ಕೇಳಿ. ಹೇಳುತ್ತೇನೆ.

ತಮ್ಮ ವಿಶ್ವಾಸಿ,
ಗಾಸ್ತೋನ್ ವುರ್ಮ್ಸರ್
ಮಾರ್ಸೆಲ್ ವುರ್ಮ್ಸರ್‌ನ ಅಣ್ಣ